ಜ್ಯೋತಿಬಾ ಮಾಸ್ತರರ ನಾಲ್ಕು ಚಪ್ಪಾಳೆ
ತೇರಗಾಂವದ ಕನ್ನಡ ಶಾಲೆಯ ಜ್ಯೋತಿಬಾ ಮಾಸ್ತರರು ಮಾತಾಡಿದ್ದನ್ನು ಕೇಳಿದವರು ಕಡಿಮೆ, ಹಾಡಿದ್ದನ್ನು ಕೇಳದವರೇ ಇಲ್ಲ. ಅವರ ಮೇಜೇ ತಬಲಾ. ಮಗ್ಗಿಗೂ ಬೈಗುಳಕ್ಕೂ ನಾಲ್ಕು ಚಪ್ಪಾಳೆಯ ತಾಳ. “ಮೂಗ ಒರಸ್ಕೊಳ್ರಿ, ಸಾಲಾಗಿ ಕೂಡ್ರಿ” ಎನ್ನುವುದನ್ನೂ ಅವರು ರಾಗ ಎಳೆದೇ ಹೇಳುವುದು. ಹಾಜರಿ ಹಾಕುವಾಗ ಪ್ರತಿ ಮಗುವೂ ತನ್ನ ಹೆಸರನ್ನು ತಾಳಕ್ಕೆ ಕೂಡಿಸಿ ಹಾಡಬೇಕು. ಮರಾಠಿ, ಉರ್ದು ಮನೆಯ ಕೂಸುಗಳಿಗೆ ಮೊದಲು ಬರುವುದು ತಾಳ, ಕನ್ನಡ ಆಮೇಲೆ. ಆ ಮಕ್ಕಳು ಅಂಗಡಿಗೆ ಹೋದರೂ ತೊಡೆ ತಟ್ಟಿಕೊಂಡೇ “ಅರ್ಧಾ ಕಿಲೋ ಸಕ್ರಿ ಕೊಡ್ರಿ” ಎಂದು ಹಾಡುತ್ತಾರೆ. ಬಿಸಿಯೂಟದ ದುರ್ಗವ್ವ, “ಇವರ ಸಲುವಾಗಿ ನನ್ನ ಸೌಟೂ ಕುಣ್ಯಾಕ ಹತ್ತೇತ್ರಿ” ಎಂದು ಗೊಣಗುತ್ತಲೇ ತಾಳ ತಪ್ಪದಂತೆ ಸಾರು ಬಡಿಸುತ್ತಾಳೆ. ಮಾಸ್ತರರಿಗೆ ಹಾಡಿನ ಹುಚ್ಚು ಎಂದೇ ಊರೆಲ್ಲ ತಿಳಿದಿತ್ತು. ಹೋದ ತಿಂಗಳು ಶಾಲೆ ನೋಡಲು ಬಂದ ಹೊಸ ಸಾಹೇಬರು, “ನಿಮ್ಮ ಹೆಸರೇನ್ರಿ ಮಾಸ್ತರ?” ಎಂದು ಕೇಳಿಬಿಟ್ಟರು. “ಜ್ಯೋ... ಜ್ಯೋ...” ಎಂದು ಮಾಸ್ತರರ ನಾಲಿಗೆ ಅಲ್ಲೇ ಕಚ್ಚಿಕೊಂಡು ನಿಂತಿತು. ಸಾಹೇಬರು ಹುಬ್ಬು ಗಂಟಿಕ್ಕುವಷ್ಟರಲ್ಲಿ ಮುಂದಿನ ಸಾಲಿನ ಮೆಹರೀನ ಮೆಲ್ಲಗೆ ಚಪ್ಪಾಳೆ ಹಾಕತೊಡಗಿದಳು. ಒಂದು, ಎರಡು, ಮೂರು, ನಾಲ್ಕು. ಇಡೀ ತರಗತಿ ಕೈ ಕೂಡಿಸಿತು. ಮಕ್ಕಳಿಗೆ ಇದು ಹೊಸದಲ್ಲ. ಮಾಸ್ತರರು ಒಂದು ಸುತ್ತು ಬಿಟ್ಟು, ಉಸಿರೆಳೆದುಕೊಂಡು, ತಮ್ಮ ಹೆಸರನ್ನು ಊರು, ಅಡ್ಡಹೆಸರಿನ ಸಮೇತ ಎಲ್ಲೂ ಮುಗ್ಗರಿಸದೆ ಹಾಡಿ ಮುಗಿಸಿದರು. ಮೆಹರೀನ ಮಾತ್ರ ಚಪ್ಪಾಳೆ ನಿಲ್ಲಿಸದೆ ಸಾಹೇಬರ ಕಡೆ ತಿರುಗಿದಳು: “ಈಗ ನಿಮ್ಮ ಪಾಳಿ ರೀ ಸರ್, ಹಾಡ್ರಿ.”