ಬೋಲ್ಟು ಶಿವರಾಮು ಮತ್ತು ನಾಲೆಯ ನೀರು

ಕೆಂಚನಕೊಪ್ಪಲಿನಲ್ಲಿ ಶಿವರಾಮು ಎಂಬ ಹೆಸರಿನವರು ಮೂವರಿದ್ದಾರೆ. ಒಬ್ಬ ಹಾಲಿನ ಡೈರಿಯ ಪಕ್ಕದ ಅಂಗಡಿಯವನು, ಒಬ್ಬರು ಮಂಡ್ಯದಲ್ಲಿ ಮನೆ ಮಾಡಿರುವ ಮೇಷ್ಟ್ರು, ಇನ್ನೊಬ್ಬ ಮೊಬೈಲ್ ಟವರ್ ಹತ್ತುವವನು. ಈ ಮೂರನೆಯವನನ್ನು ಊರು ಬೋಲ್ಟು ಶಿವರಾಮು ಎಂದು ಕರೆಯುತ್ತದೆ.

ನಲವತ್ತೆರಡು ವರ್ಷದ ಆಸಾಮಿ. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದವನು. ಒಂದಿಷ್ಟು ಗದ್ದೆ, ಎರಡು ಹಸು, ಮದ್ದೂರಿನ ಗಾರ್ಮೆಂಟ್ಸಿಗೆ ಹೋಗುವ ಹೆಂಡತಿ, ಹಾಲು ಕರೆದು ಡೈರಿಗೆ ಹಾಕುವ ತಾಯಿ ಮಾಯಮ್ಮ. ಹದಿನಾಲ್ಕು ವರ್ಷಗಳಿಂದ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಟವರುಗಳನ್ನು ಹತ್ತಿ ಇಳಿಯುತ್ತಿದ್ದಾನೆ. ಹತ್ತುವ ಮುಂಚೆ ಟವರಿನ ಬುಡದ ಕಬ್ಬಿಣ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಆಮೇಲೆ ಸೊಂಟದ ಬೆಲ್ಟನ್ನು ಎರಡು ಸಲ ಜಗ್ಗಿ ನೋಡುತ್ತಾನೆ. ದೇವರಿಗೆ ಕೆಲಸ ಒಪ್ಪಿಸುವಾಗ ತನ್ನ ಪಾಲಿನದನ್ನು ತಾನು ಮುಗಿಸಿರಬೇಕು ಎಂಬ ಮರ್ಯಾದೆ ಅವನಿಗೆ ಗೊತ್ತು.

ಟವರ್ ಎಂದರೆ ಫೋನಿಗೆ ಸಿಗ್ನಲ್ ಕೊಡುವ ಕಂಬ ಎಂದಷ್ಟೇ ಜನ ತಿಳಿದಿದ್ದಾರೆ. ಆ ಕಂಬ ತಾನು ಕೇಳಿಸಿಕೊಂಡದ್ದನ್ನು ಮುಂದಕ್ಕೆ ಮುಟ್ಟಿಸಬೇಕಲ್ಲ. ಪಟ್ಟಣದಲ್ಲಿ ಅದಕ್ಕೆ ನೆಲದಡಿ ಕೇಬಲ್ ಇರುತ್ತದೆ. ಕೆಂಚನಕೊಪ್ಪಲಿಗೆ ಕೇಬಲ್ ಬರುತ್ತದೆಂದು ರಸ್ತೆ ಬದಿ ಅಗೆದು ಮೂರು ವರ್ಷವಾಯಿತು. ಗುಂಡಿ ಬಂದಿದೆ, ಕೇಬಲ್ ಬಂದಿಲ್ಲ. ಹಾಗಾಗಿ ತಮಟೆಯಷ್ಟು ಅಗಲದ ಬಿಳಿ ಡಿಶ್ಶೊಂದು ಟವರಿನ ಮೇಲೆ ಕುಳಿತು, ಒಂಬತ್ತು ಕಿಲೋಮೀಟರ್ ಆಚೆ ಮದ್ದೂರಿನ ಟವರಿನಲ್ಲಿರುವ ತನ್ನ ಜೋಡಿಯನ್ನು ನೋಡುತ್ತಿರುತ್ತದೆ. ಏಳು ಊರುಗಳ ಮಾತು, ಜಗಳ, ಲಗ್ನದ ಫೋಟೊ, ಹಾಲಿನ ಲೀಟರು, ಎಲ್ಲವೂ ಆ ಎರಡು ಡಿಶ್ಶುಗಳ ನಡುವಿನ ಕಣ್ಣಿಗೆ ಕಾಣದ ರೇಡಿಯೊ ಎಳೆಯ ಮೇಲೆ ಓಡಾಡುತ್ತದೆ. ಆಫೀಸಿನವರು ಇದನ್ನು ಲಿಂಕ್ ಎನ್ನುತ್ತಾರೆ. ಎರಡೂ ಡಿಶ್ಶುಗಳು ಒಂದನ್ನೊಂದು ಕೂದಲೆಳೆಯಷ್ಟೂ ತಪ್ಪದೆ ನೋಡುವಂತೆ ತಿರುಗಿಸಿ ಬೋಲ್ಟು ಬಿಗಿಯುವುದು ಶಿವರಾಮುವಿನ ಕಸುಬು.

ಈ ಲಿಂಕನ್ನು ಹೋದ ವರ್ಷ ಚೈತ್ರದ ಬಿಸಿಲಿನಲ್ಲಿ ಅವನೇ ಕಟ್ಟಿದ್ದ. ಮೂರು ತಿಂಗಳು ಅದು ಒಂದು ಸಲವೂ ಕೆಮ್ಮಲಿಲ್ಲ. ಮಳೆಗಾಲ ಶುರುವಾದ ಮೇಲೆ ಬೆಳಿಗ್ಗೆ ಆರರಿಂದ ಎಂಟು, ಸಂಜೆ ಆರರಿಂದ ಎಂಟು, ಸರಿಯಾಗಿ ಹಾಲು ಹಾಕುವ ಹೊತ್ತಿಗೆ ಫೋನುಗಳು ಸಾಯತೊಡಗಿದವು. ಡೈರಿಯ ಮಿಷಿನ್ನು ಹಾಲು ಅಳೆಯುತ್ತದೆ, ಆದರೆ ಲೆಕ್ಕ ಕಳಿಸುವುದಿಲ್ಲ. ಸೆಕ್ರೆಟರಿ ಹಳೆಯ ನೋಟ್‌ಬುಕ್ ತೆಗೆಯುತ್ತಾನೆ. ಸಾಲಿನಲ್ಲಿ ನಿಂತವರು ಟವರಿನ ಕಡೆ ನೋಡಿ ಬಯ್ಯುತ್ತಾರೆ.

ಟವರ್ ನೋಡಿಕೊಳ್ಳುವ ಕಂಪನಿಯ ಆಫೀಸು ಮಂಡ್ಯದಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿದೆ. ಅಲ್ಲಿನ ಸಾಹೇಬರು ಸಂಪತ್ ಕುಮಾರ. ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ಕುಳಿತು ಹಸಿರು ಚುಕ್ಕಿ, ಕೆಂಪು ಚುಕ್ಕಿ ನೋಡುವುದು ಅವರ ಕೆಲಸ. ಟವರನ್ನು ಅವರು ಕಾರಿನ ಗಾಜಿನೊಳಗಿಂದ ನೋಡಿದ್ದಾರೆ, ಅದೂ ಮೈಸೂರಿಗೆ ಹೋಗುವಾಗ. ಕೆಂಚನಕೊಪ್ಪಲಿನ ಚುಕ್ಕಿ ಮತ್ತೆ ಮತ್ತೆ ಕೆಂಪಾದಾಗ ಅವರು ಮೊದಲು ಮಾಡಿದ್ದು ಒಂದು ಬೂದುಗುಂಬಳ ಕಳಿಸಿ ಟವರಿನ ಗೇಟಿಗೆ ಕಟ್ಟಿಸಿದ್ದು. ಬೋಲ್ಟು ನೋಡುವುದಕ್ಕೂ ದೇವರೇ ಬರಬೇಕಾದರೆ ಸಾಹೇಬರಿಗೆ ಸಂಬಳ ಯಾಕೆ ಎಂದು ಕೇಳುವ ಧೈರ್ಯ ಕುಂಬಳಕಾಯಿಗೂ ಇರಲಿಲ್ಲ. ಅದು ಕೊಳೆತು ಬಿತ್ತು. ಲಿಂಕೂ ಬಿತ್ತು.

ಆಮೇಲೆ ದೂರುಗಳ ಸರದಿ. ದೂರು ಮೊದಲು ಒಂದು ಮೇಜಿಗೆ ಹೋಗಿ ನಂಬರ್ ಪಡೆಯುತ್ತದೆ, ಎರಡನೆಯದರಲ್ಲಿ ಒಪ್ಪಿಗೆ, ಮೂರನೆಯದರಲ್ಲಿ ಆಕ್ಷೇಪಣೆ, ನಾಲ್ಕನೆಯದರಲ್ಲಿ ಮತ್ತೆ ಒಪ್ಪಿಗೆ. ಹೀಗೆ ಅದು ಶಿವರಾಮುವಿನ ಫೋನಿಗೆ ಬಂದು ಇಳಿಯುವಷ್ಟರಲ್ಲಿ ಪ್ರತಿ ಸಲವೂ ಹದಿನಾಲ್ಕು ದಿನ. ಶಿವರಾಮು ನಡುಹಗಲಿನಲ್ಲಿ ಹತ್ತುತ್ತಾನೆ. ಸಿಗ್ನಲ್ ನೆಟ್ಟಗೇ ಇರುತ್ತದೆ. ಬಿಗಿಯಾಗಿರುವ ಬೋಲ್ಟನ್ನೇ ಇನ್ನೊಂದು ಸುತ್ತು ಬಿಗಿದು ಇಳಿಯುತ್ತಾನೆ. ಮುಂದೆ ಹತ್ತು ದಿನ ಲಿಂಕ್ ಬೀಳುವುದಿಲ್ಲ. ಆಮೇಲೆ ಮತ್ತೆ ಬೀಳುತ್ತದೆ. ಹೋದ ವರ್ಷ ಹೀಗೇ ಕಳೆಯಿತು. ಪೈರು ಬೆಳೆದ ಮೇಲೆ ತಾನಾಗಿ ಸರಿಹೋಯಿತು. ಈ ವರ್ಷ ಆಷಾಢ ಮುಗಿಯುತ್ತಲೂ ಮತ್ತೆ ಶುರುವಾದಾಗ ಸಂಪತ್ ಕುಮಾರ ಅವನನ್ನು ಕರೆಸಿ ಪರದೆಯ ಮುಂದೆ ನಿಲ್ಲಿಸಿದರು.

“ಏನು ಕಾಣ್ತಿದೆ?”

“ಗೀಟು ಸಾರ್. ಮೇಲೆ ಕೆಳಗೆ ಓಗ್ತದೆ.”

“ಗೀಟಲ್ಲಪ್ಪ, ನಿನ್ನ ಜಾತಕ. ನೀನು ಹತ್ತಿದ ಮೇಲೆ ಹತ್ತು ದಿನ ಸರಿ ಇರುತ್ತೆ. ಆಮೇಲೆ ಹದಿನೈದು ದಿನ ಬೀಳುತ್ತೆ. ಮತ್ತೆ ನೀನು ಹತ್ತಬೇಕು. ಗೇಟಿನ ಬೀಗದ ಕೈ ಯಾರ ಹತ್ರ ಇದೆ?”

“ನನ್ನತ್ರ.”

“ಸ್ಪ್ಯಾನರು?”

“ಅದೂ ನನ್ನತ್ರಾನೇ.”

“ಹತ್ತಿದ ಕೂಲಿ?”

ಶಿವರಾಮುವಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕೂಲಿಯ ಆಸೆಗೆ ತಾನೇ ಬೋಲ್ಟು ಸಡಿಲ ಮಾಡಿ, ತಾನೇ ಬಿಗಿಯುತ್ತಿದ್ದಾನೆ ಎಂದು ಸಾಹೇಬರು ಹೇಳುತ್ತಿದ್ದರು.

“ಇನ್ನೊಂದು ಸಲ ಬಿದ್ರೆ ನಿನ್ನ ಹೆಸರು ಎಲ್ಲಾ ಕಂಪನಿಗೂ ಹೋಗುತ್ತೆ. ಮಳವಳ್ಳಿಯಿಂದ ರಾಮನಗರದ ತನಕ ಒಂದು ಟವರೂ ನೀನು ಮುಟ್ಟೋ ಹಾಗಿಲ್ಲ,” ಎಂದರು ಸಂಪತ್ ಕುಮಾರ.

ಮಾತು ಅವನಿಗಿಂತ ಮುಂಚೆ ಬಸ್ಸು ಹತ್ತಿ ಊರಿಗೆ ಬಂದಿತ್ತು. ಆಫೀಸಿನವನೊಬ್ಬ ಅಂಗಡಿಗೆ ಫೋನು ಮಾಡಿ, ಶಿವರಾಮು ಹೊತ್ತಲ್ಲದ ಹೊತ್ತಿನಲ್ಲಿ ಟವರಿನ ಹತ್ತಿರ ಸುಳಿಯುತ್ತಾನೆಯೇ ಎಂದು ವಿಚಾರಿಸಿದ್ದನಂತೆ. ಅಷ್ಟು ಸಾಕಾಯಿತು. ಮಾರನೆಯ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಯಾರೋ ಕೂಗಿದರು: “ಮಾಯಮ್ಮ, ಮಿಷಿನ್ನು ನಿಂತೋಯ್ತು. ನಿನ್ ಮಗ ಇವತ್ತು ಎಷ್ಟ್ ಬೋಲ್ಟ್ ಬಿಚ್ಚವ್ನೆ ಕೇಳ್ಕಂಬಾ.”

ಮಾಯಮ್ಮ ಖಾಲಿ ಕ್ಯಾನನ್ನು ಅಂಗಳದಲ್ಲಿ ಕುಕ್ಕಿದಳು.

“ನಿಮ್ಮಪ್ಪ ನಲವತ್ ವರ್ಸ ನಾಲೆ ಏರಿ ಮ್ಯಾಲೆ ತಿರುಗುದ್ರು ಕಣ್ಲಾ. ಒಂದಿನ ಇನ್ನೊಬ್ರ ತೂಬ್ ಮುಟ್ಟುದ್ರು ಅನ್ನಿಸ್ಕೊಳ್ನಿಲ್ಲ. ನೀನು ಆಕಾಸಕ್ಕೋಗಿ ಬೋಲ್ಟ್ ಕಳ್ಳ ಅನ್ನಿಸ್ಕಂಡೆ.”

“ನಾನೇನೂ ಮಾಡಿಲ್ಲ ಕಣವ್ವ.”

“ಮಾಡಿಲ್ಲ ಅಂತ ನಂಗೊತ್ತು. ಡೈರಿಗೆ ಗೊತ್ತಾಗ್ಬೇಕಲ್ಲ.”

ಅವನು ಗದ್ದೆಯ ಕಡೆ ನಡೆದ. ಬದುವಿನ ಮೇಲೆ ಕೆಂಪಸಿದ್ದಯ್ಯ ಬೀಡಿ ಸೇದುತ್ತಾ ಕೂತಿದ್ದ. ಅವನು ಊರಿನ ನೀರುಗಂಟಿ. ಯಾರ ಗದ್ದೆಗೆ ಯಾವತ್ತು ನೀರು ತಿರುಗಿಸಬೇಕು ಎಂದು ನೋಡಿಕೊಳ್ಳುವವನು. ಈ ಸಲ ನಾಲೆಯಲ್ಲಿ ಕಟ್ಟು ಪದ್ಧತಿ. ಹದಿನೈದು ದಿನ ನೀರು ಬಿಡುತ್ತಾರೆ, ಹತ್ತು ದಿನ ನಿಲ್ಲಿಸುತ್ತಾರೆ. ಹೋದ ಸಲವೂ ಹಾಗೇ ಇತ್ತು.

“ಏನ್ಲಾ ಶಿವ್ರಾಮ, ಮೊಕ ಇಂಗ್ ಮಾಡ್ಕಂಡಿದ್ದೀಯೆ. ಫೋನ್ ಸತ್ತೋಯ್ತಾ?”

“ಊ ಸಿದ್ದಯ್ಯಣ್ಣ. ನಿಂಗೆಂಗ್ ಗೊತ್ತು?”

“ನೀರ್ ಬಂದದಲ್ಲ. ನಾನೀಗ ತೂಬಿಗೋಗಿ ನೋಡೋದೇ ಬುಟ್ಬುಟ್ಟಿವ್ನಿ. ಎದ್ದ ತಕ್ಸಣ ಫೋನ್ ನೋಡ್ತೀನಿ. ಸತ್ತಿದ್ರೆ ಗದ್ದೆಲಿ ನೀರ್ ನಿಂತದೆ ಅಂತ ಲೆಕ್ಕ.”

ಹೇಳಿ ಕೆಂಪಸಿದ್ದಯ್ಯ ನಕ್ಕ. ಶಿವರಾಮು ನಗಲಿಲ್ಲ. ನೀರು ಬಿಟ್ಟ ದಿನ, ನಿಂತ ದಿನಗಳನ್ನು ಸಿದ್ದಯ್ಯ ಬರೆದಿಡುವ ಪುಸ್ತಕವನ್ನು ಇಸಿದುಕೊಂಡು ಅಲ್ಲೇ ಕೂತು ಎರಡು ವರ್ಷದ ತಾರೀಖು ನೋಡಿದ. ಲಿಂಕ್ ಬಿದ್ದ ದಿನಗಳು ಅವನಿಗೆ ಬಾಯಿಪಾಠವಾಗಿದ್ದವು. ಒಂದೆರಡು ದಿನದ ಹೆಚ್ಚು ಕಡಿಮೆಯಲ್ಲಿ ಎಲ್ಲವೂ ಕೂಡಿಬಂದವು.

ಮರುದಿನ ಅವನು ಮೊದಲ ಸಲ ಸೂರ್ಯ ಹುಟ್ಟುವ ಹೊತ್ತಿಗೆ ಟವರ್ ಹತ್ತಿದ. ಡಿಶ್ಶಿನ ಪಕ್ಕ ಕೂತು ಮದ್ದೂರಿನ ಕಡೆ ನೋಡಿದರೆ ಕಣ್ಣು ಬಿಡಲಾಗಲಿಲ್ಲ. ನಾಟಿ ಮುಗಿದ ಗದ್ದೆಗಳು ಮೈಲುಗಟ್ಟಲೆ ಕನ್ನಡಿಯಂತೆ ಹಾಸಿಕೊಂಡಿದ್ದವು. ಆಕಾಶದ ಬೆಳಕು ನೀರಿಗೆ ಬಿದ್ದು ಚಿಮ್ಮಿ ಮುಖಕ್ಕೆ ಹೊಡೆಯುತ್ತಿತ್ತು. ಬೆಳಕು ಹೀಗೆ ಚಿಮ್ಮುವುದಾದರೆ ರೇಡಿಯೊ ಏಕೆ ಚಿಮ್ಮಬಾರದು? ನೇರ ಬರುವ ಮಾತು ಒಂದು, ನೀರಿಗೆ ಬಿದ್ದು ತಡವಾಗಿ ಬರುವ ಅದೇ ಮಾತು ಇನ್ನೊಂದು. ಒಂದೇ ಮಾತನ್ನು ಇಬ್ಬರು ಹಿಂದೆ ಮುಂದೆ ಹೇಳಿದರೆ ಕೇಳುವವನಿಗೆ ಎರಡೂ ಕೇಳಿಸುವುದಿಲ್ಲ. ಗದ್ದೆಯ ಮೇಲೆ ತಣ್ಣನೆಯ ಗಾಳಿ ಕೂತಿರುವ ಬೆಳಿಗ್ಗೆ ಸಂಜೆ ಆ ಗಲಾಟೆ ಇನ್ನೂ ಹೆಚ್ಚು.

ಕಣ್ಣು ಒರೆಸಿಕೊಂಡು ಏಣಿಯಲ್ಲಿ ಹತ್ತಡಿ ಇಳಿದ. ತಟ್ಟನೆ ಬೆಳಕಿನ ಹೊಡೆತ ನಿಂತಿತು. ಟವರಿನ ಮುಂದಿನ ತೆಂಗಿನ ತೋಟದ ತಲೆ ಗದ್ದೆಯ ನೀರನ್ನು ಮರೆಮಾಡಿತ್ತು. ಗರಿಗಳ ಮೇಲೆ ಮದ್ದೂರಿನ ಟವರು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಡಿಶ್ಶು ಇರಬೇಕಾದದ್ದು ಇಲ್ಲಿ.

ಪುಸ್ತಕ ಹಿಡಿದು ಮಂಡ್ಯಕ್ಕೆ ಹೋದ. ಸಂಪತ್ ಕುಮಾರ ಅದನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದರು. ಅಂಚಿಗೆ ಕೆಸರು ಮೆತ್ತಿತ್ತು.

“ನೀರುಗಂಟಿ ಪುಸ್ತಕ! ನಾವು ನೀರಾವರಿ ಇಲಾಖೆ ಅಲ್ಲ ಕಣಯ್ಯ.”

“ಡಿಶ್ ಹತ್ತಡಿ ಇಳಿಸಿದ್ರೆ ಸಾಕು ಸಾರ್.”

“ಇಳಿಸೋದಾ? ಸಿಗ್ನಲ್ ಸಿಗಲಿಲ್ಲ ಅಂತ ಯಾರಾದ್ರೂ ಫೋನ್ ಹಿಡ್ಕೊಂಡು ಬಾವಿಗಿಳೀತಾರಾ? ಮಹಡಿ ಹತ್ತುತ್ತಾರೆ. ನೀನು ಆರಡಿ ಏರಿಸು. ಏರಿಸಿ ಫೋಟೊ ಕಳಿಸು. ಇದೇ ಕೊನೆ.”

ನಾಲೆಯ ನೀರು ನಿಲ್ಲಿಸಿದ ಹತ್ತು ದಿನದಲ್ಲಿ ಒಂದು ಮಧ್ಯಾಹ್ನ ಶಿವರಾಮು ಹಗ್ಗ, ರಾಟೆ ತೆಗೆದುಕೊಂಡು ಟವರಿನ ಬುಡಕ್ಕೆ ಬಂದ. ಕಬ್ಬಿಣ ಮುಟ್ಟಿ ಕಣ್ಣಿಗೊತ್ತಿಕೊಂಡವನು ಅವತ್ತು ಸ್ವಲ್ಪ ಹೊತ್ತು ಹಾಗೇ ಕಣ್ಣು ಮುಚ್ಚಿ ನಿಂತಿದ್ದ. ಏರಿಸಿದರೆ ಲಿಂಕ್ ಬೀಳುತ್ತದೆ, ಅವನು ಬೋಲ್ಟು ಕಳ್ಳ. ಇಳಿಸಿದರೆ ಮಾತು ಮೀರಿದಂತೆ. ಹತ್ತಿದ. ಹತ್ತಡಿ ಇಳಿಸಿದ. ಇಳಿದು ಬಂದು ಹುಲ್ಲಿನ ಮೇಲೆ ಅಂಗಾತ ಮಲಗಿ, ಡಿಶ್ಶು ಮೋಡದಲ್ಲಿದೆಯೋ ಎಂಬಂತೆ ಫೋಟೊ ಹಿಡಿದು, “ಕೆಲಸ ಮುಗೀತು ಸಾರ್” ಎಂದಷ್ಟೇ ಬರೆದು ಕಳಿಸಿದ. ಸಾಹೇಬರಿಂದ ಹೆಬ್ಬೆರಳು ಬಂತು.

ಮತ್ತೆ ನಾಲೆಗೆ ನೀರು ಬಂತು. ಹದಿನೈದು ದಿನ ಹೋಯಿತು. ಲಿಂಕ್ ಅಲುಗಲಿಲ್ಲ. ಕೆಂಪಸಿದ್ದಯ್ಯ ಮತ್ತೆ ತೂಬಿಗೆ ನಡೆದು ಹೋಗಬೇಕಾಯಿತೆಂದು ಗೊಣಗಿದ. ಸಂಪತ್ ಕುಮಾರ ಬೆಂಗಳೂರಿಗೆ ವರದಿ ಬರೆದರು. ಯಶಸ್ಸಿಗೆ ಕಾರಣ ಎರಡು: ತಾವು ಡಿಶ್ಶನ್ನು ಎತ್ತರಿಸಿದ್ದು, ತಾವು ಕೆಲಸಗಾರನನ್ನು ಎಚ್ಚರಿಸಿದ್ದು. ಡೈರಿಯ ಸಾಲೂ ಅದನ್ನೇ ಹೇಳಿತು: “ಸಾಹೇಬ್ರು ಗದರಿದ ಮ್ಯಾಲೆ ನೆಟ್ಟಗಾದ ನೋಡು.” ಲಿಂಕ್ ಬಿದ್ದಾಗ ಬರೀ ಅನುಮಾನವಿತ್ತು. ಅದು ನೆಟ್ಟಗಾಗಿ ಶಿವರಾಮುವಿನ ಕಳ್ಳತನಕ್ಕೆ ಸಾಕ್ಷಿ ಹೇಳಿತು.

ವರದಿ ಓದಿದ ತನ್ಮಯಿ ಎಂಬ ದೊಡ್ಡ ಎಂಜಿನಿಯರು, ಮೂವತ್ತು ದಾಟದ ಹುಡುಗಿ, ಎತ್ತರಿಸಿದ ಡಿಶ್ಶನ್ನು ಕಣ್ಣಾರೆ ನೋಡಲು ಬೆಂಗಳೂರಿನಿಂದ ಬಂದರು. ಸಂಪತ್ ಕುಮಾರ ಮೊದಲ ಸಲ ಕೆಂಚನಕೊಪ್ಪಲಿನಲ್ಲಿ ಕಾರಿನಿಂದ ಇಳಿದರು. ಬೂಟಿಗೆ ಸಗಣಿ ಮೆತ್ತಿತು.

“ನಮ್ಮದು ಯಾವುದು ಸಾರ್?” ಎಂದು ತನ್ಮಯಿ ಕತ್ತೆತ್ತಿ ಕೇಳಿದರು.

ಸಂಪತ್ ಕುಮಾರ ಧೈರ್ಯವಾಗಿ ಮೇಲೆ ಬೆರಳು ತೋರಿಸಿದರು. “ಅದೋ.”

“ಅದು ಬೇರೆ ಕಂಪನಿದು.”

“ಅದರ ಮೇಲಿಂದು.”

“ಅದು ದೀಪ ಸಾರ್,” ಎಂದ ಶಿವರಾಮು, ತಡೆಯಲಾರದೆ.

ಸುಮ್ಮನಿದ್ದರೆ ಸಾಹೇಬರು ಹೇಗಾದರೂ ಒಂದು ಡಿಶ್ಶನ್ನು ತಮ್ಮದು ಮಾಡಿಕೊಳ್ಳುತ್ತಿದ್ದರು. ಅವನ ಕೆಲಸ ಉಳಿಯುತ್ತಿತ್ತು, ಕಳ್ಳನೆಂಬ ಹೆಸರೂ ಉಳಿಯುತ್ತಿತ್ತು.

“ನಮ್ದು ಅಲ್ಲಿಲ್ಲ ಮೇಡಂ. ಇಲ್ಲಿ ಅದೆ, ಕೆಳಗೆ. ಏರಿಸು ಅಂದ್ರು. ನಾನು ಇಳಿಸ್ದೆ.”

ಬೈಕಿನ ಡಬ್ಬಿಯಿಂದ ಕೆಸರು ಮೆತ್ತಿದ ಪುಸ್ತಕ ಹೊರಗೆ ಬಂತು. ತನ್ಮಯಿ ಟವರಿನ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಲಿಂಕಿನ ಗೀಟುಗಳನ್ನು ತೆಗೆದು ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ತೋಟ, ಗದ್ದೆ ನೋಡಿದರು.

“ಸಾರ್, ಇದು ನೀರಿನ ಪ್ರತಿಫಲನ. ಇವರು ಬೋಲ್ಟು ಬಿಚ್ಚಿಲ್ಲ. ದೂರು ಇವರಿಗೆ ಮುಟ್ಟೋಕೇ ನಮ್ಮಲ್ಲಿ ಹದಿನಾಲ್ಕು ದಿನ ಆಗಿದೆ. ಇವರು ಹತ್ತೋ ಹೊತ್ತಿಗೆ ನಾಲೆ ನಿಂತಿದೆ.”

“ನನಗೂ ಅದೇ ಅನುಮಾನ ಇತ್ತು ಮೇಡಂ,” ಎಂದರು ಸಂಪತ್ ಕುಮಾರ.

ಮೂರು ವಾರದ ಮೇಲೆ ಒಂದೇ ಲಕೋಟೆಯಲ್ಲಿ ಎರಡು ಕಾಗದ ಬಂದವು. ಶಿವರಾಮು ಬೋಲ್ಟು ಸಡಿಲಿಸಿದನೆಂಬ ಆರೋಪದಲ್ಲಿ ಹುರುಳಿಲ್ಲ ಎಂದು ಮೊದಲನೆಯದು. ಅಪ್ಪಣೆಯಿಲ್ಲದೆ ಡಿಶ್ಶನ್ನು ಇಳಿಸಿದ್ದೇಕೆ, ಏಳು ದಿನದೊಳಗೆ ಉತ್ತರಿಸಿ ಎಂದು ಎರಡನೆಯದು. ಎರಡಕ್ಕೂ ಸಂಪತ್ ಕುಮಾರರದೇ ಸಹಿ. ಗದ್ದೆ ಬಯಲಿನಲ್ಲಿ ಡಿಶ್ಶುಗಳನ್ನು ತಗ್ಗಿಸುವ ಬಗ್ಗೆ ಅವರು ಈಗ ಬೇರೆ ಜಿಲ್ಲೆಯವರಿಗೆ ಪಾಠ ಹೇಳುತ್ತಾರಂತೆ.

ಮಾಯಮ್ಮ ಮೊದಲನೆಯ ಕಾಗದವನ್ನು ಓದಿಸಿ ಕೇಳಿ, ಸಂಜೆ ಹಾಲಿನ ಕ್ಯಾನಿನ ಜೊತೆ ಅನ್ನದ ಗಂಜಿಯನ್ನೂ ಹಿಡಿದು ಹೊರಟಳು. ಡೈರಿಯ ಗೋಡೆಗೆ, ಮಿಷಿನ್ನಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಅಂಟಿಸುವುದು ಅವಳ ಲೆಕ್ಕ. ಬಾಗಿಲಿನಲ್ಲಿ ತಿರುಗಿ ಕೇಳಿದಳು: “ಇನ್ನೊಂದ್ ಕಾಗ್ದ ಏನ್ ಮಾಡ್ಲಾ? ಒಲೆಗಾಕ್ಲಾ?”

“ಅದ್ನೂ ಅಂಟ್ಸವ್ವ,” ಎಂದ ಶಿವರಾಮು. “ಅದ್ರಲ್ಲಿರಾದು ನಿಜ.”