ಮೀನಿಗೆ ಕಟ್ಟಿದ ಮೆಟ್ಟಿಲು

ಗೋಪಾಳ ಬಡಾವಣೆಯಲ್ಲಿ ಸಾಲುಸಾಲಾಗಿ ಹೊಸ ಮನೆಗಳು ಏಳುತ್ತಿದ್ದ ಕಾಲ ಅದು. ಅಲ್ಲಿನ ಎಷ್ಟೋ ಮನೆಗಳ ಮೆಟ್ಟಿಲು ನನ್ನ ಕೈಯವು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕರಣೆ ಹಿಡಿದವನು ನಾನು. ನಾನು ಕಟ್ಟಿದ ಮೆಟ್ಟಿಲನ್ನು ಕಣ್ಣು ಮುಚ್ಚಿಕೊಂಡು ಹತ್ತಬಹುದು ಎಂದು ಜನ ಹೇಳುತ್ತಿದ್ದರು. ಅದನ್ನು ಕೇಳಿಯೇ ಮೀನಿನ ವಿಷಯ ಕಲಿಸುವ ಮೇಷ್ಟ್ರೊಬ್ಬರು ಹುಡುಕಿಕೊಂಡು ಬಂದರು.

"ಮೇಸ್ತ್ರಿ, ಒಂದು ಮೆಟ್ಟಿಲು ಕಟ್ಟಿಕೊಡ್ಬೇಕು. ಹತ್ತೋರು ಮನುಷ್ಯರಲ್ಲ, ಮೀನು."

ತಮಾಷೆ ಎಂದುಕೊಂಡೆ. ಭದ್ರಾವತಿಯ ಆಚೆ, ಹಳ್ಳವೊಂದು ಭದ್ರೆಯನ್ನು ಸೇರುವ ಜಾಗಕ್ಕೆ ಕರೆದುಕೊಂಡು ಹೋದರು. ಹಳ್ಳಕ್ಕೆ ಅಡ್ಡಲಾಗಿ ಎದೆಮಟ್ಟದ ಸಿಮೆಂಟಿನ ಒಡ್ಡು. ಮೊದಲ ಮಳೆಗೆ ಹೊಳೆಯ ಮೀನು ಮೊಟ್ಟೆಯಿಡಲು ಹಳ್ಳ ಹತ್ತುತ್ತವೆ. ಜನ ಹತ್ಮೀನು ಅನ್ನುವುದು ಅದಕ್ಕೇ. ಒಡ್ಡು ಬಂದ ಮೇಲೆ ಅವು ಗೋಡೆಗೆ ನೆಗೆದು ನೆಗೆದು ಕೆಳಗೇ ಉಳಿಯುತ್ತಿದ್ದವಂತೆ.

ನಮ್ಮದು ಲಿಂಗಾಯತರ ಮನೆ. ಮೀನು ತಿನ್ನುವುದಿರಲಿ, ಮುಟ್ಟಿದವನೂ ಅಲ್ಲ. "ತಿನ್ನದೇ ಇರೋದಕ್ಕೆ ಮೆಟ್ಟಿಲು ಕಟ್ಟೋಕೆ ಹೊರಟ್ರಲ್ಲ!" ಎಂದು ಹೆಂಡತಿ ನಕ್ಕಳು. ನನಗೆ ಬೇರೆಯೇ ಚಿಂತೆ. ಮನೆ ಕಟ್ಟಿಸಿದವರಾದರೆ ಕೆಲಸ ನೋಡಿ ಒಂದು ಮಾತು ಹೇಳುತ್ತಾರೆ. ಮೀನಿಗೆ ಒಪ್ಪಿಗೆಯಾಯಿತೋ ಇಲ್ಲವೋ ಎಂದು ಯಾರನ್ನು ಕೇಳಲಿ?

ಮೇಷ್ಟ್ರು ಬೇರೆ, ನುಣುಪು ಬೇಡ, ಒಡ್ಡಿನ ಒಂದು ಪಕ್ಕಕ್ಕೆ ಇಳಿಜಾರಾಗಿ ಹೊಳೆಗಲ್ಲನ್ನು ಸೊಟ್ಟಸೊಟ್ಟ ಕೂರಿಸಿ ಎಂದರು.

"ಸೊಟ್ಟ ಕೆಲಸ ನನ್ ಕೈಯಲ್ಲಿ ಬರಲ್ಲ ಸಾರ್."

"ನುಣ್ಣಗಿದ್ರೆ ನೀರು ಓಡುತ್ತೆ ಮಾರಾಯ್ರೆ. ಅವಕ್ಕೆ ನಡುನಡುವೆ ಸುಧಾರಿಸ್ಕೊಳ್ಳೋಕೆ ಜಾಗ ಬೇಕು."

ಅದು ತಲೆಗೆ ಹೋಯಿತು. ವಯಸ್ಸಾದವರಿರುವ ಮನೆಗೆ ಮೆಟ್ಟಿಲ ತಿರುವಿನಲ್ಲಿ ನಿಂತು ಉಸಿರಾಡಲು ಜಾಗ ಬಿಡುತ್ತೇವಲ್ಲ, ಹಾಗೆ. ಆದರೆ ಹರಿಯುವ ನೀರು ನಿಲ್ಲುವುದೆಲ್ಲಿ? ಒಂದೊಂದು ಕಲ್ಲು ಕೂರಿಸಿದಾಗಲೂ ಮೇಲಿನಿಂದ ಹೊಂಗೆ ಎಲೆಯೊಂದನ್ನು ತೇಲಿಬಿಟ್ಟೆ. ಎಲೆ ಕಲ್ಲಿನ ಮರೆಯಲ್ಲಿ ಗಿರಗಿರ ತಿರುಗಿ ತಂಗಿದರೆ ಸರಿ. ಸರ್ರನೆ ಹೋದರೆ ಕಲ್ಲು ಕಿತ್ತು ಮತ್ತೆ ಕೂರಿಸುವುದು. ಜೊತೆಗಿದ್ದ ಗಾರೆಯವನಿಗೆ ಮೀನೆಂದರೆ ಪ್ರಾಣ. ರೇಗಿಸುತ್ತಿದ್ದ: "ಗೋಪಾಳದ್ ಓನರ್‌ಗಳಿಗೂ ಇಷ್ಟ್ ಮಾಡಿಲ್ಲ ನೀನು. ನನ್ ಸಾರಿನ ಮೀನಿಗೆ ಏನ್ ಉಪಚಾರ ಮಾರಾಯ!"

ಮಳೆ ಹಿಡಿದ ದಿನ ಬೆಳಿಗ್ಗೆಯೇ ಓಡಿದೆ. ಹಳ್ಳದ ತುಂಬ ಕೆಂಪು ನೀರು. ಮೀನು ಗೋಡೆಗೇ ನೆಗೆಯುತ್ತಿದ್ದವು. ಮೆಟ್ಟಿಲ ಕಡೆ ಒಂದೂ ಕಾಣಲಿಲ್ಲ. ಆ ಕೆಸರಿನಲ್ಲಿ ಕಾಣುವುದಾದರೂ ಹೇಗೆ? ಆಗ ಮೇಲೆ ಕಣ್ಣು ಹೋಯಿತು. ನನ್ನ ಗಾರೆಯವನು ಮೆಟ್ಟಿಲ ತುದಿಗೆ, ಹೊಕ್ಕ ಮೀನು ಹೊರಬರಲಾಗದ ಬಿದಿರಿನ ಕೂಣಿಯೊಂದನ್ನು ಒಡ್ಡಿ ಕೂತಿದ್ದ.

"ಬಾ ಬಾ, ನೋಡು! ತುಂಬೋಗಿದಾವೆ!"

ಕೂಣಿ ತುಂಬಿದೆ ಎಂದರೆ ಅಷ್ಟೂ ಮೀನು ನನ್ನ ಮೆಟ್ಟಿಲು ಹತ್ತಿಯೇ ಬಂದಿರಬೇಕು. ಒಡ್ಡು ಹತ್ತಿ ಅವನೆದುರು ನಿಂತೆ.

"ಮೆಟ್ಟಿಲು ಹತ್ತಿ ಬಂದೋರನ್ನ ಬಾಗಿಲಲ್ಲೇ ಹಿಡೀತೀಯೇನೋ?"

"ನೀನಂತೂ ತಿನ್ನಲ್ಲ. ನಂಗ್ಯಾಕೆ ಅಡ್ಡ ಬರ್ತೀಯ?"

"ನಿನ್ ಸಾರಿಗೆ ಅಂತ ಕಟ್ಟಿದ್ದಲ್ಲ ಇದು."

ಕೂಣಿ ಎತ್ತಿ ಒಡ್ಡಿನ ಮೇಲಿನ ನೀರಿಗೆ ಸುರಿದೆ. ಒಂದು ಮಾತ್ರ ಬಿದಿರಿನ ಸಂದಿಗೆ ಸಿಕ್ಕಿಕೊಂಡಿತು. ಕೈಯಿಂದಲೇ ಬಿಡಿಸಬೇಕಾಯಿತು. ತಣ್ಣಗಿತ್ತು, ಹೊಟ್ಟೆ ಮೊಟ್ಟೆಯಿಂದ ಉಬ್ಬಿತ್ತು. ಬಾಲ ಒಮ್ಮೆ ಕೊಡವಿದ ರಭಸಕ್ಕೆ ನನ್ನ ಮುಷ್ಟಿಯೇ ಬಿಚ್ಚಿಹೋಯಿತು. ಇಷ್ಟು ಬಲವಿರುವುದಕ್ಕೂ ಸುಧಾರಿಸಿಕೊಳ್ಳಲು ಜಾಗ ಬೇಕಾಯಿತಲ್ಲ!

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೇಳಿದಳು, "ಹತ್ತಿದ್ವಾ?"

"ಹತ್ತಿದ್ವು."

"ನಿಮಗೆ ಹೆಂಗ್ ಗೊತ್ತಾಯ್ತು?"

ಅಂಗೈ ಮುಂದೆ ಹಿಡಿದೆ. ವಾಸನೆಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದಳು. ಬಚ್ಚಲ ಕಡೆ ಕೈ ತೋರಿಸಿದಳು. ನಾನು ಸೋಪು ಹಚ್ಚುತ್ತಿದ್ದಾಗ ಹಿಂದಿನಿಂದ ಮೆಲ್ಲಗೆ ಕೇಳಿತು: "ರೀ, ಮುಟ್ಟಿದ್ರೆ ಹೆಂಗಿರುತ್ರೀ ಅದು?"