ಸರೋಜಿನಕ್ಕನ ಇಂಗ್ಲಿಷ್ ಹರಿಕಥೆ

ನಮ್ಮ ಸರೋಜಿನಕ್ಕನಷ್ಟು ಪುಕ್ಕಲು ಹೆಂಗಸನ್ನ ನಾನು ಈ ಜನ್ಮದಲ್ಲಿ ಇನ್ನೊಬ್ಬಳನ್ನ ಕಂಡಿಲ್ಲ. ಹಗ್ಗ ಕಂಡರೂ ಹಾವು ಅಂತ ಕಿರುಚೋರು. ಎಸ್ಕಲೇಟರ್ ಅಂದರೆ ಹೆದರಿಕೆ, ಟೋಸ್ಟರಿನಿಂದ ಬ್ರೆಡ್ಡು ಹಾರಿದರೆ ಹೆದರಿಕೆ, ಫೋನಿನಲ್ಲಿ ಮೆಷೀನು ಮಾತಾಡಿದರೆ ರಿಸೀವರು ಕೈಬಿಟ್ಟು ಓಡೋದು. ಸಿಗ್ನಲ್ಲೇ ಇಲ್ಲದ ಆ ಹೆದ್ದಾರಿ, ಫ್ರೀವೇ, ಅಂದರಂತೂ ಸಾಕ್ಷಾತ್ ಯಮಲೋಕದ ದಾರಿ. ಸ್ಯಾನ್ ಹೊಸೆಗೆ ಹೋಗೋದಿದ್ದರೂ ಮಗಳು ಊರ್ಮಿಳಾ, ಪಾಪ, ಊರೊಳಗಿನ ರಸ್ತೆಯಲ್ಲೇ ಸಿಗ್ನಲ್ಲು ಸಿಗ್ನಲ್ಲಿಗೂ ನಿಂತು ಕರಕೊಂಡು ಹೋಗಬೇಕು.

ಸಾಂಟಾ ಕ್ಲಾರಾದ ಆ ಅಪಾರ್ಟ್‌ಮೆಂಟಿನಲ್ಲಿ ಅವರದು ಕೆಳಗಿನ ಮನೆ, ನಮ್ಮದು ಮೇಲಿನದು. ಉಡುಪಿ ಕಡೆಯವರು. ಗಂಡ ಹೋದಮೇಲೆ ಊರ್ಮಿಳಾ ಇಲ್ಲಿಗೆ ಕರೆಸಿಕೊಂಡಿದ್ದಳು. ಅವಳಿಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಕೆಲಸ, ವಾರಕ್ಕೊಂದು ಸಂಜೆ ಕೊಲ್ಲಿಯ ಮೇಲಿನ ಬೇ ಬ್ರಿಡ್ಜು ದಾಟಿ ಬರ್ಕ್ಲಿಗೆ ಕ್ಲಾಸಿಗೆ ಹೋಗೋಳು. ಸರೋಜಿನಕ್ಕ ಊರಲ್ಲಿ ಕಾಲೇಜಿನ ಇಂಗ್ಲಿಷ್ ಮೇಡಮ್ಮು. ಇನ್ನೂರು ಚಿಲ್ಲರೆ ವರ್ಷದ ಹಿಂದೆ ಒಬ್ಬ ಇಂಗ್ಲಿಷಿನವನು ಬರೆದ ನಗೆಕಾದಂಬರಿಗಳು ಇವರ ಪಾಲಿನ ಪಾಠ. ಅವನ ಹೆಸರು ನನ್ನ ನಾಲಿಗೆಗೆ ಹತ್ತೋದಿಲ್ಲ, ಬಿಡಿ.

"ಅಷ್ಟು ವರ್ಷ ಪಾಠ ಮಾಡಿದೆ ಮಾರಾಯ್ತಿ, ಕ್ಲಾಸಿನಲ್ಲಿ ಒಂದು ನರಪಿಳ್ಳೆಯೂ ನಗಲಿಲ್ಲ. ಮಕ್ಕಳಿಗೆ ಪರೀಕ್ಷೆಯ ಹೆದರಿಕೆ, ನನಗೆ ಪ್ರಿನ್ಸಿಪಾಲರ ಹೆದರಿಕೆ" ಅನ್ನೋರು.

ಜನ ನಕ್ಕಿದ್ದು ಇಲ್ಲಿ, ನಮ್ಮ ಲಾಂಡ್ರಿ ರೂಮಿನಲ್ಲಿ. ಬಟ್ಟೆ ಡ್ರೈಯರಿಗೆ ಹಾಕಿ ನಾವು ನಾಲ್ಕು ಹೆಂಗಸರು, ಜೊತೆಗೆ ಮಕ್ಕಳು, ಗೋಡೆಗೆ ಒರಗಿ ಕೂತಿರ್ತಿದ್ವಿ. ಒಂದು ದಿನ ಸುಮ್ಮನೆ ಹೊತ್ತು ಹೋಗಲಿ ಅಂತ ಶುರುಮಾಡಿದರು ನೋಡಿ! ಅವರಪ್ಪ ಹರಿದಾಸರಂತೆ. ರಕ್ತದಲ್ಲಿ ಬಂದಿದ್ದು ಎಲ್ಲಿ ಹೋಗತ್ತೆ? ಮನೆಯಿಂದ ಹೊರಗೆ ಹಾಕಿಸಿಕೊಂಡ ಒಬ್ಬ ಒಳ್ಳೇ ಹುಡುಗ, ಲಂಡನ್ನಿನ ದಾರಿ, ದಾರಿಯುದ್ದಕ್ಕೂ ಛತ್ರಗಳು, ಛತ್ರದಲ್ಲಿ ಕಳ್ಳರು, ತೀರ್ಪು ಕೊಡುವಾಗ ಗೊರಕೆ ಹೊಡೆಯೋ ಡೊಳ್ಳುಹೊಟ್ಟೆ ಜಡ್ಜು. ಕಥೆ ಕುದಿಯೋ ಹೊತ್ತಿಗೆ ಸರಿಯಾಗಿ ಲೇಖಕ ನಡುವೆ ತಲೆ ತೂರಿಸಿ, ಸ್ವಲ್ಪ ತಡೀರಿ ಅಂತ ಊರ ದೊಡ್ಡಮನುಷ್ಯರನ್ನೆಲ್ಲ ಕೆಣಕೋನಂತೆ. ಸರೋಜಿನಕ್ಕ ಅಲ್ಲಿ ನಮ್ಮ ಕನ್ನಡ ಕೂಟದ ಅಧ್ಯಕ್ಷರನ್ನ ಎಳೆದು ತರೋರು. ನಕ್ಕು ನಕ್ಕು ಹೊಟ್ಟೆ ಹುಣ್ಣಾಗೋದು. ಕಥೆ ಹೇಳುವಾಗ ಆ ಹೆಂಗಸಿಗೆ ಯಾವ ಹೆದರಿಕೆಯೂ ಇರಲಿಲ್ಲ, ಅದೊಂದೇ ಹೊತ್ತು.

ಡ್ರೈಯರು ನಿಂತರೆ ಅವತ್ತಿನ ಕಥೆ ಮುಗೀತು. ಆದರೆ ಮಂಗಳ ಹಾಡದೆ ಯಾರನ್ನೂ ಏಳೋಕೆ ಬಿಡ್ತಿರಲಿಲ್ಲ. ಸೆರಗು ಹಿಡಿದು ಕೂರಿಸೋರು. "ಕಥೆಯನ್ನು ಅರ್ಧಕ್ಕೆ ಬಿಟ್ಟು ಎದ್ದರೆ ಒಳ್ಳೆಯದಾಗುವುದಿಲ್ಲ, ಅಪ್ಪ ಹೇಳುತ್ತಿದ್ದರು." ಇಂಗ್ಲಿಷಿನವನ ಕಥೆಗೆ ಎಂಥ ಮಂಗಳ ರೀ ಅಂತ ನಾನು ರೇಗಿಸ್ತಿದ್ದೆ. ಅವರು ಕಣ್ಣುಮುಚ್ಚಿ ಹಾಡಿಯೇ ಹಾಡೋರು.

ಎಂಬತ್ತೊಂಬತ್ತರ ಅಕ್ಟೋಬರು. ಸಂಜೆ ಐದಾಗಿತ್ತು, ನಾನು ಸಾರಿಗೆ ಒಗ್ಗರಣೆ ಹಾಕ್ತಿದ್ದೆ. ಮೊದಲು ಒಂದು ಗುಡುಗು, ನೆಲದೊಳಗಿಂದ. ಆಮೇಲೆ ಮನೆಯನ್ನೇ ಯಾರೋ ಮೊರದಲ್ಲಿ ಹಾಕಿ ಕೇರಿದ ಹಾಗೆ. ಕಪಾಟಿನ ಡಬ್ಬಗಳೆಲ್ಲ ದಬದಬ ಬಿದ್ದವು. ಎಂಟು ವರ್ಷದ ಮಗಳು ವಸುಧಾಳ ತೋಳು ಹಿಡಿದು ಮೆಟ್ಟಿಲಲ್ಲಿ ಎದ್ದೂ ಬಿದ್ದೂ ಓಡಿದೆ. ಕೆಳಗೆ ಪಾರ್ಕಿಂಗ್ ಲಾಟಿನಲ್ಲಿ ಸ್ವಿಮ್ಮಿಂಗ್ ಪೂಲಿನ ನೀರು ಹರೀತಿತ್ತು. ಎಲ್ಲರೂ ಬರಿಗಾಲು. ಕರೆಂಟಿಲ್ಲ, ಫೋನು ಸತ್ತಿತ್ತು, ಗ್ಯಾಸಿನ ವಾಸನೆ, ಒಳಗೆ ಹೋಗೋ ಹಾಗಿಲ್ಲ.

ಯಾರದೋ ಕಾರಿನ ರೇಡಿಯೋ ಹೇಳ್ತು: ಬೇ ಬ್ರಿಡ್ಜಿನ ಒಂದು ತುಂಡು ಬಿದ್ದಿದೆ. ಓಕ್‌ಲ್ಯಾಂಡಿನಲ್ಲಿ ಎರಡಂತಸ್ತಿನ ಫ್ರೀವೇ, ಮೇಲಿನದು ಕೆಳಗಿನದರ ಮೇಲೆ ಕುಸಿದು ಕೂತಿದೆ. ಅಡಿಯಲ್ಲಿ ಕಾರುಗಳು.

ನನ್ನ ಯಜಮಾನರು ತಿರುಮಲೇಶ, ಆಫೀಸು ಎಮರಿವಿಲ್ಲಿನಲ್ಲಿ. ಐದಕ್ಕೆ ಹೊರಟು ದಿನಾ ಅದೇ ಫ್ರೀವೇಯಲ್ಲೇ ಬರೋದು.

ಮಗು "ಈಸ್ ಡ್ಯಾಡ್ ಓಕೆ?" ಅಂತ ಕೇಳ್ತಾ ಇದೆ, ನಾನು ಅದರ ಮುಖ ನೋಡ್ತಾ ಇಲ್ಲ. ಆಗ ಬಂದರು ಸರೋಜಿನಕ್ಕ. ನನ್ನ ರಟ್ಟೆ ಹಿಡಿದು ಕಾರು ನಿಲ್ಲಿಸೋ ಚಪ್ಪರದ ಕಂಬದಿಂದ ದೂರ, ಬಯಲಲ್ಲಿ ಕೂರಿಸಿದರು. ಅವರ ಚಿನ್ನದ ಬಳೆಗಳು ಒಂದೇ ಸಮನೆ ಸದ್ದು ಮಾಡ್ತಿದ್ದವು.

"ಮಕ್ಕಳೇ, ಬನ್ನಿ ಎಲ್ಲ. ನಮ್ಮ ಹುಡುಗ ಮೊನ್ನೆ ಎಲ್ಲಿದ್ದ? ಛತ್ರದ ಅಟ್ಟದಲ್ಲಿ, ಅಲ್ವಾ?"

"ಸರೋಜಿನಕ್ಕಾ, ನಿಮಗೇನು ತಲೆ ಕೆಟ್ಟಿದೆಯಾ?" ಅಂತ ನಾನು ಹರಿಹಾಯ್ದೆ. "ನನ್ನ ಗಂಡ ಎಲ್ಲಿದಾರೋ ಗೊತ್ತಿಲ್ಲ, ನಿಮಗೆ ಛತ್ರದ ಕಥೆ!"

"ಎಂತ ಮಾಡುವುದು ಮಾರಾಯ್ತಿ, ಬೇರೆ ಎಂತ ಉಂಟು ನಮ್ಮ ಕೈಯಲ್ಲಿ? ಕೂತುಕೋ."

ಕಥೆ ಶುರುವಾಯಿತು. ನೆಲ ಮತ್ತೆ ಅಲುಗಿತು. ಮಕ್ಕಳು ಚೀರಿದವು. ಸರೋಜಿನಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, "ಆಗ ಅಟ್ಟ ಅಲುಗಿತು! ಹುಡುಗ ದೊಪ್ಪನೆ ಬಿದ್ದ! ಎಲ್ಲಿ ಬಿದ್ದ? ಜಡ್ಜನ ಹೊಟ್ಟೆಯ ಮೇಲೆ ಬಿದ್ದ!" ಅಂದರು. ಮಕ್ಕಳು ಅಳುತ್ತಲೇ ನಕ್ಕವು. ಪ್ರತಿಸಲ ಭೂಮಿ ನಡುಗಿದಾಗಲೂ ಆ ಹುಡುಗ ಯಾರದಾದರೂ ಮೇಲೆ ಬೀಳೋನು. ನಾನೂ ಒಂದು ಸಲ ನಕ್ಕೆ. ನಕ್ಕಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂದು ಅತ್ತೆ. ಹೊತ್ತು ಮುಳುಗಿತು. ಒಳಬರೋ ಪ್ರತಿ ಕಾರಿನ ದೀಪಕ್ಕೂ ಎದ್ದು ನಿಲ್ತಿದ್ದೆ, ನಮ್ಮದಲ್ಲ ಅಂತ ಕೂರ್ತಿದ್ದೆ. ಮಂಗಳದ ಹತ್ತಿರ ಬಂತು ಅಂದುಕೊಂಡರೆ ಸರೋಜಿನಕ್ಕ ಇನ್ನೊಂದು ಉಪಕಥೆ ತೆಗೆಯೋರು. ಅವರ ಗಂಟಲು ಒಡೆದುಹೋಗಿತ್ತು, ಆದರೂ ನಿಲ್ಲಿಸಲೊಲ್ಲರು.

ಕೊನೆಗೂ ನಮ್ಮ ಕಾರು ಬಂತು! ಇವರು ಇಳಿದರು. ಆಫೀಸಿನಲ್ಲೇ ಬೇಸ್‌ಬಾಲ್ ಮ್ಯಾಚು ನೋಡೋಕೆ ಅಂತ ಕೂತಿದ್ದರಂತೆ. ಆ ಹಾಳು ಆಟದ ಹುಚ್ಚಿಗೆ ನಾನು ಎಷ್ಟು ಬೈದಿದ್ದೆನೋ! ಆಮೇಲೆ ಗುಡ್ಡದ ದಾರಿ ಸುತ್ತಿಕೊಂಡು ಬಂದರು. ಇವರ ಎದೆಗೆ ಎರಡೂ ಕೈಯಲ್ಲಿ ಗುದ್ದಿ, ಆಮೇಲೆ ತಬ್ಬಿಕೊಂಡು ಅಲ್ಲೇ, ಎಲ್ಲರೆದುರಿಗೆ, ಗೊಳೋ ಅಂತ ಅತ್ತುಬಿಟ್ಟೆ.

"ಸರೋಜಿನಕ್ಕಾ, ಹಾಡಿಬಿಡಿ ಮಂಗಳಾನ!" ಅಂತ ಕೂಗಿದೆ.

ಅವರು ಹಾಡಲಿಲ್ಲ. ಕೂತಲ್ಲೇ ಇವರ ಕಡೆ ತಿರುಗಿ, "ತಿರುಮಲೇಶಾ, ಬ್ರಿಡ್ಜಿನ ಮೇಲಿದ್ದವರನ್ನು ಎಲ್ಲಿಗೆ ಕರೆದುಕೊಂಡು ಹೋದರಂತೆ?" ಅಂದರು.

ಅವತ್ತು ಊರ್ಮಿಳಾಗೆ ಬರ್ಕ್ಲಿಯಲ್ಲಿ ಕ್ಲಾಸು, ಆ ಬ್ರಿಡ್ಜು ದಾಟಿಯೇ ಹೋಗಬೇಕು. ಅಷ್ಟು ಹೊತ್ತೂ ನನ್ನ ಗಂಡ, ನನ್ನ ಗಂಡ ಅಂತ ಬಡಕೊಂಡೆನಲ್ಲ, ನಿಮ್ಮ ಮಗಳೆಲ್ಲಿ ಅಂತ ಒಂದು ಮಾತು ಕೇಳಲಿಲ್ಲ. ಇವರು ಏನೂ ಗೊತ್ತಿಲ್ಲ ಅಂತ ತಲೆ ಆಡಿಸಿದರು.

ಹೋಗಿ ಅವರ ಪಕ್ಕ ಕೂತೆ. "ಎಲ್ಲಿಗೆ ನಿಲ್ಲಿಸಿದ್ರಿ ಅಕ್ಕಾ? ಹೇಳಿ ಮುಂದಕ್ಕೆ."

"ಮರೆತುಹೋಯಿತು ಮಾರಾಯ್ತಿ," ಅಂದರು. "ಒಂದೂ ನೆನಪಾಗುವುದಿಲ್ಲ."

ಕಥೆ ಅರ್ಧಕ್ಕೆ ನಿಲ್ಲಬಾರದಲ್ಲ. ಅವರ ಕೈ ನನ್ನ ಕೈಯಲ್ಲಿ ಇಟ್ಟುಕೊಂಡು ನಾನೇ ಶುರುಮಾಡಿದೆ. ಕಳ್ಳನನ್ನ ಜಡ್ಜು ಮಾಡಿದೆ, ಜಡ್ಜನ್ನ ಕುದುರೆ ಮೇಲೆ ಹಿಂದುಮುಂದಾಗಿ ಕೂರಿಸಿದೆ. ತಪ್ಪಿದಲ್ಲೆಲ್ಲ, ಎಂದೂ ಕನ್ನಡದಲ್ಲಿ ಉತ್ತರ ಕೊಡದ ನಮ್ಮ ವಸುಧಾ, "ಅಲ್ಲ ಅಮ್ಮ, ಹಾಗಲ್ಲ," ಅಂತ ತಿದ್ದಿದಳು. ನಾನು ಹೇಳ್ತಾನೇ ಇದ್ದೆ. ನಿಲ್ಲಿಸಿದರೆ ಏನಾಗುತ್ತೋ ಅನ್ನೋ ಹೆದರಿಕೆ ಈಗ ನನಗೆ ಹತ್ತಿತ್ತು.

ಊಟದ ಹೊತ್ತು ಮೀರಿ ಎಷ್ಟೋ ಆದಮೇಲೆ ಯಾರದೋ ಪಿಕಪ್ ಟ್ರಕ್ಕೊಂದು ಬಂದು ನಿಂತಿತು. ಊರ್ಮಿಳಾ ಇಳಿದಳು. ಕಾರು ಬ್ರಿಡ್ಜಿನ ಮೇಲೇ ಬಿಟ್ಟು ದಡದ ತನಕ ನಡೆದು, ಅಲ್ಲಿಂದ ಆ ಟ್ರಕ್ಕು ಹತ್ತಿದ್ದಳು, ಕಾಲಲ್ಲಿ ಒಂದೇ ಚಪ್ಪಲಿ.

"ಅಮ್ಮಾ!"

ಸರೋಜಿನಕ್ಕ ಏಳಲಿಲ್ಲ. ಅಂಗೈ ಎತ್ತಿ, ತಡೆ, ಅಂದರು. ಕಣ್ಣು ಮುಚ್ಚಿದರು. ಒಡೆದ ಗಂಟಲಲ್ಲಿ ಮಂಗಳ ಹಾಡಿದರು, ಒಂದು ಸಾಲೂ ಬಿಡದೆ. ನಾವೆಲ್ಲ ದನಿ ಸೇರಿಸಿದೆವು. ಊರ್ಮಿಳಾ ಒಂಟಿ ಚಪ್ಪಲಿಯಲ್ಲಿ ನಿಂತು ಕಾದಳು.

ಹಾಡು ಮುಗಿದಮೇಲೆ ಎದ್ದು ಹೋಗಿ ಮಗಳ ಕೆನ್ನೆಗೆ ಛಟೀರಂತ ಒಂದು ಬಿಟ್ಟರು.

"ಫ್ರೀವೇಯಲ್ಲಿ ಹೋಗಬೇಡ ಅಂತ ಎಷ್ಟು ಸಲ ಬಡಕೊಂಡಿದ್ದೇನೆ ನಿನಗೆ!" ಅಂದವರು ಅವಳ ಕಾಲ ಬಳಿಯೇ ಕುಸಿದು ಕೂತು, ಆ ಬರಿಗಾಲನ್ನ ಸೆರಗಿನಿಂದ ಒರೆಸೋಕೆ ಶುರುಮಾಡಿದರು.